ಖಾನಾಪುರದ ಮಳೆ, ಮಚ್ಛೆಯ ಮಹಾಪ್ರಬಂಧ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು ಇಪ್ಪತ್ತಾರು ಕಿಲೋಮೀಟರು. ನಗರದ ಅಂಚಿನಲ್ಲಿ ಉದ್ಯಮಬಾಗದ ಫೌಂಡ್ರಿಗಳು, ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಗಳು. ಪೀರನವಾಡಿ ದಾಟಿದರೆ ಮಚ್ಛೆ, ಅದರ ಬಳಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’. ರಸ್ತೆಯ ಆ ತುದಿಗೆ ಖಾನಾಪುರ, ಅಲ್ಲಿ ಸೇತುವೆಯ ಕೆಳಗೆ ಆಗತಾನೆ ಘಟ್ಟದ ಮಗ್ಗುಲಿನಿಂದ ಹೊರಳಿ ಬಂದ ಮಲಪ್ರಭೆ. ಎಂಜಿನಿಯರಿಂಗ್ ವಿಷಯಗಳಲ್ಲಿ ಡಾಕ್ಟರೇಟ್ ಸಂಶೋಧನೆಯ ಅವಕಾಶಗಳ ಬಗ್ಗೆ ಈಚೆಗೆ ಸಾಕಷ್ಟು ಮಾತು ಕೇಳಿಬರುತ್ತಿದೆ. ಅದರಲ್ಲಿಯೂ ಗಣಿತೀಯ ಮಾದರಿ ಮತ್ತು ಸಿಮ್ಯುಲೇಷನ್ ಎಂದು ಕರೆಯಲಾಗುವ ಕ್ಷೇತ್ರದತ್ತ ನಮ್ಮ ಭಾಗದ ಯುವಕ ಯುವತಿಯರ ಒಲವು ಹೆಚ್ಚಿದೆ. ಆ ಅವಕಾಶಗಳಲ್ಲಿ ಅತ್ಯಂತ ಬೆಲೆಬಾಳುವ ಕೆಲವು ಇದೇ ರಸ್ತೆಯ ಎರಡು ಬದಿಗೆ ಇವೆ ಎಂಬುದು ನನ್ನ ವಾದ. ಅವುಗಳತ್ತ ಕಣ್ಣೆತ್ತಿ ನೋಡುವವರು ಕಡಿಮೆ ಎಂಬುದು ನನ್ನ ಕಳವಳ.

ಸಿಮ್ಯುಲೇಷನ್ ಎಂದರೇನು ಎಂಬುದನ್ನು ಸಾಮಾನ್ಯ ಓದುಗರಿಗಾಗಿ ಒಂದೆರಡು ಮಾತಿನಲ್ಲಿ ಹೇಳಬೇಕು. ನದಿಯನ್ನೋ ಎರಕದ ಅಚ್ಚನ್ನೋ ವಿಮಾನದ ರೆಕ್ಕೆಯನ್ನೋ ಸಮೀಕರಣಗಳ ರೂಪಕ್ಕೆ ತಂದು, ಆ ಸಮೀಕರಣಗಳನ್ನು ಕಂಪ್ಯೂಟರಿಗೆ ಒಪ್ಪಿಸಿ, ‘ಹೀಗಾದರೆ ಏನಾದೀತು’ ಎಂದು ಕೇಳುವ ವಿದ್ಯೆ ಇದು. ಹಿಂದೆ ಇದನ್ನೇ ಮಣ್ಣು, ಮರಳು, ನೀರು ಬಳಸಿ ಮಾಡುತ್ತಿದ್ದರು. ಪುಣೆಯ ಬಳಿ ಖಡಕವಾಸ್ಲಾದಲ್ಲಿರುವ, 1916ರಲ್ಲಿ ಆರಂಭವಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿಯೂ ನಮ್ಮ ಕೃಷ್ಣರಾಜಸಾಗರದ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿಯೂ ಅಣೆಕಟ್ಟುಗಳ ಪುಟ್ಟ ಪ್ರತಿರೂಪ ಕಟ್ಟಿ, ನೀರು ಹರಿಸಿ ನೋಡಿದ ನಂತರವೇ ನಿಜವಾದ ಕಟ್ಟೆಗೆ ಕೈಹಾಕುತ್ತಿದ್ದರು. ಈಗ ಆ ಕೆಲಸದ ಬಹುಪಾಲು ಗಣಕದೊಳಗೆ ನಡೆಯುತ್ತದೆ.

ಕಂಪ್ಯೂಟರೇ ಇಲ್ಲದ ಕಾಲದಲ್ಲಿಯೂ ಮಾದರಿ ರಚನೆ ನಡೆದಿತ್ತು. ಯಾರ ಹೆಸರಿನಲ್ಲಿ ಮಚ್ಛೆಯ ವಿಶ್ವವಿದ್ಯಾಲಯ 1998ರಲ್ಲಿ ಆರಂಭವಾಯಿತೋ ಆ ಸರ್ ಎಂ. ವಿಶ್ವೇಶ್ವರಯ್ಯನವರೇ ಅದಕ್ಕೆ ಉದಾಹರಣೆ. 1908ರ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದಿನಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಮರುವರ್ಷ ನಿಜಾಮ ಸರ್ಕಾರದ ಆಹ್ವಾನದ ಮೇರೆಗೆ ಹೋದ ವಿಶ್ವೇಶ್ವರಯ್ಯನವರು ಮಳೆಯ ದಾಖಲೆಗಳನ್ನು ತರಿಸಿಕೊಂಡರು. ಜಲಾನಯನ ಪ್ರದೇಶದ ಕೆರೆಗಳ ಪೈಕಿ ಇನ್ನೂರಕ್ಕೂ ಹೆಚ್ಚು ಒಡೆದದ್ದನ್ನು ಲೆಕ್ಕ ಹಾಕಿದರು, ಹರಿದ ನೀರಿನ ಪ್ರಮಾಣವನ್ನು ಅಂದಾಜು ಮಾಡಿದರು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಜಲಾಶಯಗಳು ಆ ಲೆಕ್ಕಾಚಾರದ ಫಲ. ಲೇಖನಿ, ಕಾಗದ ಮತ್ತು ಅಳತೆಯ ದಾಖಲೆ, ಇಷ್ಟೇ ಅವರ ಪರಿಕರ. ಮೂರರಲ್ಲಿ ಮೊದಲೆರಡರ ಸ್ಥಾನವನ್ನು ಇಂದು ಕಂಪ್ಯೂಟರು ಆಕ್ರಮಿಸಿದೆ. ಮೂರನೆಯದಕ್ಕೆ ಬದಲಿ ಇನ್ನೂ ಹುಟ್ಟಿಲ್ಲ.

ನನ್ನ ತಕರಾರು ಇರುವುದು ಈ ಮೂರನೆಯದರ ಬಗ್ಗೆಯೇ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ನಡೆದ ಬಹಿರಂಗ ಮೌಖಿಕ ಪರೀಕ್ಷೆಗೆ ಸ್ನೇಹಿತರೊಬ್ಬರ ಒತ್ತಾಯದಿಂದ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅಭ್ಯರ್ಥಿಯ ಪರಿಶ್ರಮದ ಬಗ್ಗೆ ಎರಡು ಮಾತಿಲ್ಲ. ಪರದೆಯ ಮೇಲೆ ಕೆಂಪು, ಹಳದಿ, ನೀಲಿ ಬಣ್ಣದ ಚಿತ್ರಗಳು ಸಾಲುಸಾಲಾಗಿ ಬಂದವು. ಮಾದರಿಯ ಫಲಿತಾಂಶವನ್ನು ಯಾವುದರೊಂದಿಗೆ ತಾಳೆ ನೋಡಿದ್ದೀರಿ ಎಂದು ಪರೀಕ್ಷಕರು ಕೇಳಿದಾಗ ಬಂದ ಉತ್ತರ, ವಿದೇಶೀ ಪತ್ರಿಕೆಯೊಂದರಲ್ಲಿ ಪ್ರಕಟವಾದ ಗ್ರಾಫಿನೊಂದಿಗೆ ಎಂಬುದು. ಆ ಗ್ರಾಫಾದರೂ ಇನ್ನೊಬ್ಬರ ಸಿಮ್ಯುಲೇಷನ್ನಿನದು. ಎರಡು ಲೆಕ್ಕಗಳು ಪರಸ್ಪರ ಒಪ್ಪಿದವು ಎಂಬುದಷ್ಟೇ ಅಲ್ಲಿ ಸಾಬೀತಾದದ್ದು. ನಿಜಲೋಕದ ಲೋಹವಾಗಲೀ ನೀರಾಗಲೀ ಆ ಲೆಕ್ಕಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ಯಾರ ಬಾಯಿಂದಲೂ ಬರಲಿಲ್ಲ. ಪದವಿ ದೊರೆಯಿತು.

ಅರ್ಥಶಾಸ್ತ್ರ ಓದಿದ ನಮಗೆ ಈ ರೋಗ ಹೊಸದಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಪೀಠದಿಂದ 1970ರ ಕೊನೆಯಲ್ಲಿ ಮಾತನಾಡಿದ ವಾಸಿಲಿ ಲಿಯಾಂಟೀಫ್, ಮಾದರಿಗಳು ದಿನೇ ದಿನೇ ಸೊಗಸಾಗುತ್ತಿದ್ದರೂ ಅವುಗಳಿಗೆ ಆಧಾರವಾಗಬೇಕಾದ ಅಂಕಿ-ಅಂಶ ಸಂಗ್ರಹದ ದುಡಿಮೆಯನ್ನು ತಮ್ಮ ಸಹೋದ್ಯೋಗಿಗಳು ಕೀಳಾಗಿ ಕಾಣುತ್ತಿದ್ದಾರೆಂದು ಎಚ್ಚರಿಸಿದ್ದರು. ಮೂರು ವರ್ಷಗಳ ನಂತರ ನೊಬೆಲ್ ಪಡೆದ ಆ ವ್ಯಕ್ತಿ ಸ್ವತಃ ಮಾದರಿಗಳನ್ನು ಕಟ್ಟಿಯೇ ಹೆಸರಾದವರು ಎಂಬುದನ್ನು ಮರೆಯಬಾರದು. ಮಾದರಿಯನ್ನು ಹೀಗಳೆಯುವುದು ಅವರ ಉದ್ದೇಶವಾಗಿರಲಿಲ್ಲ, ನನ್ನದೂ ಅಲ್ಲ.

ಮಲಪ್ರಭೆಯ ಕಡೆಗೆ ಬರೋಣ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ಈ ನದಿಯ ಮೇಲ್ಭಾಗದ, ಅಂದರೆ ಅಣೆಕಟ್ಟಿನವರೆಗಿನ ಜಲಾನಯನ ಪ್ರದೇಶ 2,564 ಚದರ ಕಿಲೋಮೀಟರು. ಅಷ್ಟು ಸಣ್ಣ ಪ್ರದೇಶದೊಳಗೆ ಮಳೆಯ ವ್ಯತ್ಯಾಸ ಅಚ್ಚರಿ ಹುಟ್ಟಿಸುವಂಥದು. ಪಶ್ಚಿಮದ ಅಂಚಿನಲ್ಲಿ ವರ್ಷಕ್ಕೆ ಹಲವು ಸಾವಿರ ಮಿಲಿಮೀಟರು ಸುರಿದರೆ ಸವದತ್ತಿಯ ಕಪ್ಪು ಮಣ್ಣಿಗೆ ಆರು ನೂರರ ಆಸುಪಾಸು ಬಿದ್ದರೂ ರೈತ ಸಮಾಧಾನಪಡುತ್ತಾನೆ. ಇದೇ ತಾಲ್ಲೂಕಿನ ಘಟ್ಟದ ಊರು ಆಮಗಾಂವದಲ್ಲಿ 2010ರಲ್ಲಿ 10,000 ಮಿಲಿಮೀಟರಿಗೂ ಅಧಿಕ ಮಳೆ ದಾಖಲಾದಾಗ ಆಗುಂಬೆಯ ಕಿರೀಟದ ಬಗ್ಗೆಯೇ ಪತ್ರಿಕೆಗಳಲ್ಲಿ ಚರ್ಚೆ ನಡೆದಿತ್ತು.

ಇಂಥ ಪ್ರದೇಶಕ್ಕೆ ಸಿದ್ಧ ಮಾದರಿಯೊಂದನ್ನು ಅಳವಡಿಸಿದರೆ ಏನಾಗುತ್ತದೆ? ಭಾರತೀಯ ಹವಾಮಾನ ಇಲಾಖೆ ಇಡೀ ದೇಶವನ್ನು ಕಾಲು ಡಿಗ್ರಿಯ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ದಿನದ ಮಳೆಯ ಅಂಕಿ ಒದಗಿಸುತ್ತದೆ. ಬಹಳ ಉಪಯುಕ್ತವಾದ ದತ್ತಾಂಶ ಅದು. ಆದರೆ ಒಂದು ಚೌಕದ ಬದಿ ಸುಮಾರು ಇಪ್ಪತ್ತೇಳು ಕಿಲೋಮೀಟರು, ಹೆಚ್ಚು ಕಡಿಮೆ ಬೆಳಗಾವಿ-ಖಾನಾಪುರಗಳ ನಡುವಿನ ಅಂತರ. ಘಟ್ಟದ ನೆತ್ತಿಯ ಮಳೆ ಅರ್ಧಕ್ಕೂ ಕೆಳಗೆ ಇಳಿಯಲು ಅಷ್ಟು ದೂರವೇ ಬೇಡ. ಉಪಗ್ರಹಗಳು ಪಶ್ಚಿಮ ಘಟ್ಟದ ಮಳೆಯನ್ನು ಕಡಿಮೆ ಅಂದಾಜು ಮಾಡುತ್ತವೆ ಎಂಬುದನ್ನು ವಿಜ್ಞಾನಿಗಳೇ ಮತ್ತೆ ಮತ್ತೆ ತೋರಿಸಿದ್ದಾರೆ. ಗುಡ್ಡಕ್ಕೆ ತಾಗಿ ಸುರಿಯುವ ಮೋಡ ಎತ್ತರದ್ದಾಗಿರದೆ, ಆಕಾಶದಿಂದ ನೋಡುವ ಕಣ್ಣಿಗೆ ಅಷ್ಟಾಗಿ ಕಾಣದಿರುವುದು ಅದಕ್ಕೆ ಒಂದು ಕಾರಣ. ಇನ್ನು ಬಿದ್ದ ಮಳೆಯಲ್ಲಿ ಎಷ್ಟು ಹರಿದು ಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಲು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಳಸುವ ‘ಕರ್ವ್ ನಂಬರ್’ ವಿಧಾನ 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆ ಅಲ್ಲಿನ ಹೊಲಗದ್ದೆಗಳಿಗಾಗಿ ರೂಪಿಸಿದ್ದು. ಖಾನಾಪುರದ ಜಂಬಿಟ್ಟಿಗೆ ಮಣ್ಣು ಮೊದಲ ಮಳೆಗಳನ್ನು ಜರಡಿಯಂತೆ ಒಳಗೆಳೆದುಕೊಳ್ಳುತ್ತದೆ, ಜುಲೈ ತಿಂಗಳ ಹೊತ್ತಿಗೆ ತುಂಬಿ, ನೆಲದಡಿಯಿಂದಲೇ ನೀರನ್ನು ಹಳ್ಳಕ್ಕೆ ದೂಡುತ್ತದೆ. ಅದರ ಈ ನಡವಳಿಕೆಯನ್ನು ಅಯೋವಾದ ಜೋಳದ ಹೊಲದ ಸಂಖ್ಯೆ ಹೇಳಲಾರದು. ಇದನ್ನು ಅಳೆದು, ನಮ್ಮ ಮಣ್ಣಿಗೆ ತಕ್ಕ ಸಂಖ್ಯೆಗಳನ್ನು ಕಂಡುಹಿಡಿಯುವುದು ಒಂದಲ್ಲ, ನಾಲ್ಕಾರು ಮಹಾಪ್ರಬಂಧಗಳಿಗೆ ಸಾಕಾಗುವ ಕೆಲಸ.

ಇದು ಕೇವಲ ಪಂಡಿತರ ಗೊಡವೆಯೆಂದು ತಳ್ಳಿಹಾಕುವಂತಿಲ್ಲ. ನವಿಲುತೀರ್ಥದ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ ಅಡಿ. 1970ರ ದಶಕದಲ್ಲಿ ಅದು ಬಳಕೆಗೆ ಬಂದ ಮೇಲೆ ಎಷ್ಟೋ ವರ್ಷ ಅದು ತುಂಬಲೇ ಇಲ್ಲ. ನೀರು ತಲುಪದ ಹೊಲಗಳಿಗೂ ಬೆಟರ್‌ಮೆಂಟ್ ಲೆವಿ ಹೇರಿದ್ದರಿಂದ ಎದ್ದ ನರಗುಂದ-ನವಲಗುಂದ ರೈತ ಬಂಡಾಯ, 1980ರ ಜುಲೈ 21ರ ಗೋಲಿಬಾರು, ಅಲ್ಲಿಂದ ಕರ್ನಾಟಕದ ರಾಜಕಾರಣ ಹಿಡಿದ ಹೊಸ ಹಾದಿ, ಇವೆಲ್ಲ ಓದುಗರಿಗೆ ತಿಳಿದದ್ದೇ. ಬಂಡಾಯದ ಕಾರಣಗಳು ಹಲವು ಇದ್ದವು; ಅವುಗಳ ಬುಡದಲ್ಲಿ ಎಷ್ಟು ನೀರು ಬರುತ್ತದೆ, ಎಲ್ಲಿಯವರೆಗೆ ತಲುಪುತ್ತದೆ ಎಂಬ ಅಂದಾಜುಗಳೂ ಇದ್ದವು ಎಂಬುದನ್ನು ಕಂದಾಯದ ಕಡತ ನೋಡಿದವರು ಬಲ್ಲರು. ಅದೇ ಜಲಾಶಯ 2019ರ ಆಗಸ್ಟಿನ ಆಶ್ಲೇಷ ಮಳೆಯಲ್ಲಿ ಕೆಲವೇ ದಿನಗಳಲ್ಲಿ ತುಂಬಿ, ಬಾಗಿಲು ತೆರೆಯಲೇಬೇಕಾಗಿ ಬಂದು, ಮುನವಳ್ಳಿ, ರಾಮದುರ್ಗ, ನರಗುಂದ ತಾಲ್ಲೂಕಿನ ಕೊಣ್ಣೂರುಗಳಿಗೆ ನೀರು ನುಗ್ಗಿತು. ಖಾನಾಪುರದಲ್ಲಿ ಸುರಿದ ಮಳೆ ಎಷ್ಟು ತಾಸಿಗೆ ನವಿಲುತೀರ್ಥ ಮುಟ್ಟುತ್ತದೆ, ಅಲ್ಲಿಂದ ಎಷ್ಟು ಬಿಟ್ಟರೆ ರಾಮದುರ್ಗದ ಯಾವ ಓಣಿಗೆ ಎಷ್ಟು ಅಡಿ ನೀರು ಏರುತ್ತದೆ ಎಂಬುದು ನಂಬಲರ್ಹವಾದ ಮಾದರಿಯಿಂದ ಮುಂಚಿತವಾಗಿ ಹೇಳಬಹುದಾದ ಸಂಗತಿ. ತಹಶೀಲ್ದಾರರ ಮೇಜಿನ ಮೇಲೆ ಆ ಉತ್ತರ ಆರು ತಾಸು ಮೊದಲು ಇರುವುದಕ್ಕೂ ಆಮೇಲೆ ಬರುವುದಕ್ಕೂ ಇರುವ ಅಂತರವನ್ನು ಪರಿಹಾರ ಕೇಂದ್ರ ನಡೆಸಿದವರನ್ನು ಕೇಳಬೇಕು.

ಇನ್ನು ಮಹದಾಯಿ. ಖಾನಾಪುರ ತಾಲ್ಲೂಕಿನಲ್ಲಿಯೇ ಹುಟ್ಟಿ ಗೋವಾಕ್ಕೆ ಇಳಿಯುವ ಈ ನದಿಯ ನೀರಿನ ಹಂಚಿಕೆಗಾಗಿ 2010ರ ನವೆಂಬರಿನಲ್ಲಿ ರಚನೆಯಾದ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ನೀಡಿತು. ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ, ಅದರಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18, ಹೀಗೆ 3.90 ಟಿಎಂಸಿಯನ್ನು ಮಲಪ್ರಭೆಗೆ ತಿರುಗಿಸಿಕೊಳ್ಳಲು ಅನುಮತಿ. ರಾಜ್ಯ ಕೇಳಿದ್ದು ಈ ಎರಡು ತಿರುವುಗಳಿಂದ 7.56. ಮೂರೂ ರಾಜ್ಯಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. ರಾಜಕೀಯದ ಮಾತು ಇಲ್ಲಿ ಬೇಡ. ನನ್ನ ಗಮನವಿರುವುದು ತೀರ್ಪಿನ ತಳಹದಿಯಾದ ಒಂದು ಅಂಕಿಯ ಮೇಲೆ: ಶೇ 75ರ ಅವಲಂಬನೆಯಲ್ಲಿ ಇಡೀ ಕಣಿವೆಯ ಜಲ ಇಳುವರಿ 188.06 ಟಿಎಂಸಿ. ಎಂದರೆ ನೂರು ವರ್ಷಗಳಲ್ಲಿ ಎಪ್ಪತ್ತೈದು ವರ್ಷ ಕನಿಷ್ಠ ಇಷ್ಟು ನೀರು ಹರಿಯುತ್ತದೆಂಬ ಅಂದಾಜು. ರಾಜ್ಯಗಳ ಪರವಾಗಿ ಬಂದ ತಜ್ಞರು ಇಳುವರಿಯ ಬಗ್ಗೆ ಬೇರೆ ಬೇರೆ ಲೆಕ್ಕಗಳನ್ನು ಮುಂದಿಟ್ಟು ವರ್ಷಗಟ್ಟಲೆ ವಾದಿಸಿದರು. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಕೆಳಗೆ ಗೋವಾದ ಗಂಜಿಮ್‌ನಲ್ಲಿದೆ. ಮೇಲಿನ ಕಾಡಿನೊಳಗಿನ ಒಂದೊಂದು ಹಳ್ಳದ ಹರಿವನ್ನು ಬಹುಮಟ್ಟಿಗೆ ಮಳೆಯ ಲೆಕ್ಕದಿಂದಲೇ ಊಹಿಸಬೇಕು. ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರು, ಮಲಪ್ರಭಾ ಅಚ್ಚುಕಟ್ಟಿನ ರೈತರ ಬದುಕು, ಗೋವಾದ ಜನರ ಆತಂಕ, ಇವೆಲ್ಲ ಒಂದು ಮಾದರಿಯೊಳಗಿನ ಅಂಕಿಗಳ ಮೇಲೆ ನಿಂತಿರುವ ಸನ್ನಿವೇಶ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲಿ ಸಿಕ್ಕೀತು?

ಈ ಕ್ಷೇತ್ರದಲ್ಲಿ ಯಾರೂ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ.ವಿ. ಶ್ರೀನಿವಾಸ್, ರವಿ ನಂಜುಂಡಯ್ಯ, ಡಿ. ನಾಗೇಶ್ ಕುಮಾರ್ ಅವರು ಎ. ಆನಂದಿ ಅವರೊಂದಿಗೆ 2008ರಲ್ಲಿ ಪ್ರಕಟಿಸಿದ ಪ್ರಬಂಧ, ಜಾಗತಿಕ ಹವಾಮಾನ ಮಾದರಿಗಳ ಫಲಿತಾಂಶವನ್ನು ಒಂದು ಜಲಾನಯನ ಪ್ರದೇಶದ ಮಟ್ಟಕ್ಕೆ ಇಳಿಸುವ ಕ್ರಮವನ್ನು ಚರ್ಚಿಸುತ್ತದೆ. ಅವರು ಆಯ್ದುಕೊಂಡ ಪ್ರದೇಶ ಇದೇ ಮಲಪ್ರಭಾ ಜಲಾಶಯದ ಮೇಲ್ಭಾಗ. ಅದೇ ಸಂಸ್ಥೆಯಿಂದ ಮುಂದೆ ನೀರಾವರಿ ಮತ್ತು ಅಂತರ್ಜಲದ ಸಂಬಂಧದ ಬಗ್ಗೆಯೂ ಇಲ್ಲಿನ ಅಧ್ಯಯನ ಬಂತು. ಐನೂರು ಕಿಲೋಮೀಟರು ದೂರದವರಿಗೆ ಖಾನಾಪುರದ ಮಳೆ ಅಂತರರಾಷ್ಟ್ರೀಯ ಮಟ್ಟದ ಸಂಶೋಧನೆಗೆ ತಕ್ಕ ವಿಷಯವಾಗಿ ಕಂಡಿದೆ. ಬೆಳಗಾವಿಯಲ್ಲಿಯೇ ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಗಟ್ಟಿಶಿಲಾ ಪ್ರಾದೇಶಿಕ ಕೇಂದ್ರ 1987ರಿಂದ ಇದೆ. ನಗರದ ಎಷ್ಟು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದರ ಹೆಸರು ಕೇಳಿದ್ದಾರೆಂದು ವಿಚಾರಿಸಿ ನೋಡಬಹುದು. ನಾನು ವಿಚಾರಿಸಿದ ಮಟ್ಟಿಗೆ, ಅದರ ಎದುರು ಬಸ್ಸಿಗಾಗಿ ಕಾದವರೂ ಕೇಳಿರಲಿಲ್ಲ.

ಇಷ್ಟು ಸಮೀಪದಲ್ಲಿ ಇಂಥ ವಿಷಯವಿದ್ದೂ ವಿದ್ಯಾರ್ಥಿ ದೂರದ ಗ್ರಾಫನ್ನೇ ಏಕೆ ಹುಡುಕುತ್ತಾನೆ? ಅವನನ್ನು ದೂರಿ ಫಲವಿಲ್ಲ. ಸಂಯೋಜಿತ ಕಾಲೇಜುಗಳ ಸಂಶೋಧನಾ ಕೇಂದ್ರಗಳಲ್ಲಿ ನೋಂದಾಯಿಸಿಕೊಳ್ಳುವವರಲ್ಲಿ ದೊಡ್ಡ ಪಾಲು ಖಾಸಗಿ ಕಾಲೇಜಿನ ಅಧ್ಯಾಪಕರದೇ. ಎಐಸಿಟಿಇ ನಿಯಮದಂತೆ ಸಹ ಪ್ರಾಧ್ಯಾಪಕ ಹುದ್ದೆಗೆ ಏರಲು ಪಿಎಚ್.ಡಿ. ಬೇಕು. ದಿನಕ್ಕೆ ಮೂರ್ನಾಲ್ಕು ತರಗತಿ, ಮೇಲೆ ಮಾನ್ಯತಾ ಸಮಿತಿಗಳ ಕಡತ, ಪ್ರವೇಶದ ದಿನಗಳಲ್ಲಿ ಊರೂರು ತಿರುಗಿ ವಿದ್ಯಾರ್ಥಿಗಳನ್ನು ಕರೆತರುವ ಹೊಣೆ. ರಾತ್ರಿ ಹತ್ತರ ಮೇಲೆ ಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಮಾಡಬಹುದಾದ ಸಂಶೋಧನೆ ಯಾವುದು? ಸಿಮ್ಯುಲೇಷನ್ ಮಾತ್ರ. ಜುಲೈ ತಿಂಗಳಲ್ಲಿ ಕಣಕುಂಬಿಗೆ ಹೋಗಿ ಮಳೆಮಾಪಕ ನೋಡಿ ಬರುವುದಕ್ಕೆ ರಜೆ ಕೊಡುವವರಾರು? ಮಹಿಳೆಯರ ಪಾಲಿಗಂತೂ ಈ ಆಯ್ಕೆ ಇನ್ನೂ ಇಕ್ಕಟ್ಟಿನದು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ ನಿಗದಿಪಡಿಸಿ, ಮರುನೋಂದಣಿಯಿಂದ ಎರಡು ವರ್ಷ, ಮಹಿಳೆಯರಿಗೆ ಇನ್ನೂ ಎರಡು ವರ್ಷ ವಿನಾಯಿತಿ ಮತ್ತು 240 ದಿನಗಳವರೆಗೆ ಹೆರಿಗೆ ಹಾಗೂ ಶಿಶುಪಾಲನಾ ರಜೆಯ ಅವಕಾಶ ಕಲ್ಪಿಸಿದೆ. ಅದು ಸ್ವಾಗತಾರ್ಹ. ಆದರೆ ಕಾಲಾವಕಾಶ ದೊರೆತ ಮಾತ್ರಕ್ಕೆ ಕಾಡಿನ ಹಳ್ಳದವರೆಗೆ ಜೀಪು ದೊರೆಯುವುದಿಲ್ಲ.

ಇನ್ನೊಂದು ಅಡ್ಡಿ ನಾನು ಮೂವತ್ತಕ್ಕೂ ಹೆಚ್ಚು ವರ್ಷ ಯಾವ ಬದಿಯ ಕುರ್ಚಿಯಲ್ಲಿ ಕುಳಿತಿದ್ದೆನೋ ಆ ಬದಿಯದು. ಕೃಷ್ಣಾ ಕಣಿವೆಯ ಜಲಮಾಹಿತಿ ಗಂಗಾ, ಬ್ರಹ್ಮಪುತ್ರಾ, ಸಿಂಧೂ ಕಣಿವೆಗಳ ಮಾಹಿತಿಯಂತೆ ಗೋಪ್ಯ ವರ್ಗಕ್ಕೆ ಸೇರಿದ್ದಲ್ಲ. ಕೇಂದ್ರದ 2018ರ ದತ್ತಾಂಶ ನೀತಿ ಅದನ್ನು ಬಳಕೆದಾರರಿಗೆ ಒದಗಿಸುವ ಮಾರ್ಗವನ್ನೂ ಹೇಳಿದೆ. ಹೀಗಿದ್ದೂ ಅಂತರರಾಜ್ಯ ವಿವಾದದ ನೆಪ ಮುಂದಿಟ್ಟು ದತ್ತಾಂಶ ಕೊಡದಿರುವುದೇ ಸುರಕ್ಷಿತವೆಂದು ಭಾವಿಸುವ ಅಧಿಕಾರಿಗಳು ಇದ್ದಾರೆ. ವಿದ್ಯಾರ್ಥಿಯ ಪತ್ರ ಒಂದು ಶಾಖೆಯಿಂದ ಇನ್ನೊಂದಕ್ಕೆ ‘ಅಗತ್ಯ ಕ್ರಮಕ್ಕಾಗಿ’ ಹೋಗುತ್ತದೆ. ಅಗತ್ಯವಾವುದು, ಕ್ರಮವಾವುದು ಎಂಬುದು ಕೊನೆಗೂ ಸ್ಪಷ್ಟವಾಗುವುದಿಲ್ಲ. ನಾನು ಸೇವೆಯಲ್ಲಿದ್ದಾಗ ಒಂದು ನೀರಾವರಿ ಯೋಜನೆಯ ವರದಿ ಪರಿಶೀಲನೆಗೆ ಬಂದಿತ್ತು. ಖಾಸಗಿ ಸಲಹಾ ಸಂಸ್ಥೆಯೊಂದು ಸಿದ್ಧಪಡಿಸಿದ್ದು. ದಶಮಾಂಶದ ಎರಡನೆಯ ಸ್ಥಾನದವರೆಗೆ ಇಳುವರಿಯ ಅಂಕಿ ಇತ್ತು. ಆ ಅಂಕಿ ಯಾವ ಮಾಪನ ಕೇಂದ್ರದ ಎಷ್ಟು ವರ್ಷಗಳ ದಾಖಲೆಯಿಂದ ಬಂತೆಂದು ಮೂರು ಬಾರಿ ಬರೆದು ಕೇಳಿದೆವು. ಮೂರು ಬಾರಿಯೂ ಬಂದದ್ದು ಬಳಸಿದ ಸಾಫ್ಟ್‌ವೇರಿನ ಹೆಸರು. ಅಂಥ ವರದಿಯನ್ನು ಪ್ರಶ್ನಿಸಬಲ್ಲ, ಯಾರ ಹಂಗಿಗೂ ಒಳಗಾಗದ ಸಂಶೋಧಕರು ಜಿಲ್ಲಾ ಮಟ್ಟದಲ್ಲಿ ಇದ್ದರೆ ಸರ್ಕಾರದ ಖಜಾನೆಗೆ ಎಷ್ಟು ಉಳಿತಾಯ ಎಂಬುದನ್ನು ಹಣಕಾಸು ಇಲಾಖೆಯವರು ಯೋಚಿಸಿದಂತಿಲ್ಲ.

ಹಿಂದೆ ಹೋಬಳಿಗೊಂದು ಮಳೆಮಾಪಕವಿದ್ದರೆ ಹೆಚ್ಚು. ಅದರ ಗಾಜಿನ ಅಳತೆಪಾತ್ರೆ ಒಡೆದಿದ್ದರೆ ಆ ವರ್ಷದ ಮಳೆ ಗುಮಾಸ್ತರ ಕಲ್ಪನಾಶಕ್ತಿಗೆ ಬಿಟ್ಟದ್ದು. ಈಗ ಸ್ಥಿತಿ ಬದಲಾಗಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಆರು ಸಾವಿರಕ್ಕೂ ಅಧಿಕ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿ, ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುವ ವ್ಯವಸ್ಥೆ ಮಾಡಿತು. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಹೊಂದಿರುವ ರಾಜ್ಯಗಳು ವಿರಳ. ಮಾದರಿ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ನಿಧಿ ಬೇಕಿಲ್ಲ. ಸಾಫ್ಟ್‌ವೇರಿಗೂ ಹಣ ಬೇಡ: ಅಮೆರಿಕದ ಕೃಷಿ ಇಲಾಖೆಯ ‘ಸ್ವಾಟ್’, ಅಲ್ಲಿನ ಸೇನಾ ಎಂಜಿನಿಯರುಗಳ ‘ಎಚ್‌ಇಸಿ’ ಸರಣಿ, ಅಂತರ್ಜಲಕ್ಕೆ ‘ಮಾಡ್‌ಫ್ಲೋ’, ದ್ರವಚಲನೆಗೆ ‘ಓಪನ್‌ಫೋಮ್’ ಎಲ್ಲವೂ ಉಚಿತ. ದೊಡ್ಡ ಗಣಕ ಬೇಕಾದವರಿಗೆ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ನಿನ ಅಡಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ದಂಥವು ಇವೆ. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ 2,564 ಚದರ ಕಿಲೋಮೀಟರಿನ ಮಾದರಿಗೆ ಅಷ್ಟೇನೂ ಬೇಕಾಗದು. ಕೊರತೆ ಇರುವುದು ಹಳ್ಳದ ನೀರಿನ ಮಟ್ಟ, ಮಣ್ಣಿನ ತೇವ, ಬಾವಿಯ ಆಳ, ಇವುಗಳ ಅಳತೆಯಲ್ಲಿ. ಅವುಗಳನ್ನು ಅಳೆಯಲು ಬೇಕಾದುದು ಗಂಬೂಟು ಮತ್ತು ಕನ್ನಡ ಮರಾಠಿಗಳೆರಡನ್ನೂ ಆಡಬಲ್ಲ ನಾಲಿಗೆ. ಖಾನಾಪುರದ ಹಳ್ಳಿಗಳಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ರಸ್ತೆಯ ಈ ತುದಿಯ ಉದ್ಯಮಬಾಗದ ವಿಷಯವನ್ನೂ ಸ್ವಲ್ಪ ಹೇಳಬೇಕು. ಬೆಳಗಾವಿಯ ಫೌಂಡ್ರಿಗಳು ವಾಹನ, ಪಂಪು, ವಾಲ್ವು ಮತ್ತು ಹೈಡ್ರಾಲಿಕ್ ಯಂತ್ರಗಳಿಗೆ ಬೇಕಾದ ಎರಕಗಳನ್ನು ದೇಶ ವಿದೇಶಗಳಿಗೆ ಕಳುಹಿಸುತ್ತವೆ. ಸುಮಾರು 1,400 ಡಿಗ್ರಿ ಉಷ್ಣತೆಯ ದ್ರವ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದಾಗ ಅದು ಎಲ್ಲಿ ಮೊದಲು ಗಟ್ಟಿಯಾಗುತ್ತದೆ, ಎಲ್ಲಿ ಕುಗ್ಗಿ ಟೊಳ್ಳಾಗುತ್ತದೆ ಎಂಬುದನ್ನು ಮುಂಚಿತವಾಗಿ ತಿಳಿಯುವುದೇ ಎರಕದ ಸಿಮ್ಯುಲೇಷನ್. ಕಬ್ಬಿಣ ಕರಗಿಸಲು ಟನ್ನಿಗೆ ಆರು ನೂರು ಯೂನಿಟ್ಟಿನ ಆಸುಪಾಸು ವಿದ್ಯುತ್ತು ಬೇಕು. ರಿಜೆಕ್ಷನ್ ಆದ ಪ್ರತಿ ಎರಕವೂ ಆ ವಿದ್ಯುತ್ತನ್ನು ಎರಡನೆಯ ಬಾರಿ ಕೇಳುತ್ತದೆ. ದೊಡ್ಡ ಘಟಕಗಳು ಲಕ್ಷಾಂತರ ರೂಪಾಯಿ ಪರವಾನಗಿ ಶುಲ್ಕ ತೆತ್ತು ಸಾಫ್ಟ್‌ವೇರ್ ತಂದಿವೆ. ಸಣ್ಣ ಘಟಕಗಳಿಗಾಗಿ ಐಐಟಿ ಮುಂಬಯಿಯಲ್ಲಿದ್ದಾಗ ಪ್ರೊ. ಬಿ. ರವಿ ಅವರು ‘ಆಟೋಕಾಸ್ಟ್’ ಮತ್ತು ‘ಇ-ಫೌಂಡ್ರಿ’ಗಳನ್ನು ರೂಪಿಸಿದ್ದು ನಮ್ಮ ದೇಶದ್ದೇ ಮಾದರಿ ಪ್ರಯತ್ನ. ಆದರೆ ಯಾವ ಸಾಫ್ಟ್‌ವೇರಿಗೂ ಲೋಹ ಮತ್ತು ಅಚ್ಚಿನ ನಡುವೆ ಶಾಖ ದಾಟುವ ವೇಗ ಎಷ್ಟೆಂಬ ಸಂಖ್ಯೆ ಬೇಕು. ಅದು ಇಲ್ಲಿ ಬಳಸುವ ಮರಳು, ಅದರ ತೇವ, ಬೆಂಟೊನೈಟಿನ ಪ್ರಮಾಣ ಇವುಗಳ ಮೇಲೆ ನಿಂತಿದೆ. ಮರಳನ್ನು ಮತ್ತೆ ಮತ್ತೆ ಬಳಸಿದಂತೆ ಬದಲಾಗುತ್ತದೆ, ಖಾನಾಪುರ ರಸ್ತೆಯ ಆಷಾಢದ ಹವೆಯಲ್ಲಿ ಒಂದು, ಚೈತ್ರದಲ್ಲಿ ಇನ್ನೊಂದು. ಆ ಸಂಖ್ಯೆಯನ್ನು ಅಚ್ಚಿನೊಳಗೆ ತಾಪಮಾಪಕದ ತಂತಿಗಳನ್ನಿಟ್ಟು ಅಳೆಯಲು ಫೌಂಡ್ರಿಯ ಬಾಗಿಲಿನಿಂದ ಕೂಗಳತೆಯಲ್ಲಿರುವ ಕಾಲೇಜಿಗೆ ಸಾಧ್ಯವಾಗದಿದ್ದರೆ ಬೇರೆ ಯಾರಿಗೂ ಸಾಧ್ಯವಿಲ್ಲ. 1979ರಿಂದ ಉದ್ಯಮಬಾಗದಲ್ಲಿ ಎಂಜಿನಿಯರಿಂಗ್ ಕಾಲೇಜು ಇದೆ. ಕಾರ್ಖಾನೆಯ ಮಾಲೀಕರು ತಮ್ಮ ದೋಷಗಳ ಲೆಕ್ಕವನ್ನು ಹೊರಗಿನವರಿಗೆ ತೋರಿಸಲು ಹಿಂಜರಿಯುತ್ತಾರೆ ಎಂಬುದು ನಿಜ. ಪ್ರತಿಸ್ಪರ್ಧಿಯ ಹೆಸರು ಹೊರಬರದಂತೆ ಹಲವು ಘಟಕಗಳ ಮಾಹಿತಿಯನ್ನು ಒಟ್ಟುಗೂಡಿಸುವುದು ಅಸಾಧ್ಯವೇನೂ ಅಲ್ಲ.

ಏನು ಮಾಡಬಹುದು? ಮೊದಲನೆಯದಾಗಿ ಮಾದರಿ ಆಧಾರಿತ ಮಹಾಪ್ರಬಂಧದಲ್ಲಿ ವಿದ್ಯಾರ್ಥಿ ಸ್ವತಃ ಅಳೆದ ಅಥವಾ ಅಧಿಕೃತ ಮೂಲದಿಂದ ಪಡೆದ ದತ್ತಾಂಶದೊಂದಿಗೆ ತಾಳೆ ನೋಡಿದ ಒಂದು ಅಧ್ಯಾಯ ಇರಲೇಬೇಕೆಂದು ವಿಶ್ವವಿದ್ಯಾಲಯ ಕಟ್ಟುನಿಟ್ಟು ಮಾಡಬೇಕು. ಇದಕ್ಕೆ ಹೊಸ ಕಾಯಿದೆ ಬೇಡ, ಸುತ್ತೋಲೆ ಸಾಕು. ನಿಯತಕಾಲಿಕೆಗಳಲ್ಲಿ ಪ್ರಬಂಧ ಪ್ರಕಟಿಸಲೇಬೇಕೆಂಬ ಷರತ್ತನ್ನು 2022ರ ನಿಯಮಾವಳಿ ಕೈಬಿಟ್ಟಿರುವುದರಿಂದ, ಹಣ ಕೊಟ್ಟು ಪ್ರಕಟಿಸುವ ಪತ್ರಿಕೆಗಳ ಹಿಂದೆ ಓಡುತ್ತಿದ್ದ ಶಕ್ತಿಯನ್ನು ಈ ಕಡೆಗೆ ತಿರುಗಿಸಲು ಅವಕಾಶವೂ ಇದೆ. ನೋಂದಾಯಿತ ಸಂಶೋಧಕರಿಗೆ ನಿಗದಿತ ದಿನಗಳೊಳಗೆ ದತ್ತಾಂಶ ನೀಡುವ ಬಗ್ಗೆ ಜಲಸಂಪನ್ಮೂಲ ಇಲಾಖೆ, ವಿಕೋಪ ಉಸ್ತುವಾರಿ ಕೇಂದ್ರ ಮತ್ತು ವಿಶ್ವವಿದ್ಯಾಲಯಗಳ ನಡುವೆ ಲಿಖಿತ ಒಪ್ಪಂದವಾಗಬೇಕು. ಪ್ರಬಂಧದ ಕೊನೆಯಲ್ಲಿ ಆ ದತ್ತಾಂಶ ಮತ್ತು ಮಾದರಿಯ ಕಡತಗಳನ್ನು ಸಾರ್ವಜನಿಕವಾಗಿ ಇಡುವ ಷರತ್ತು ಸೇರಿದರೆ ಮುಂದಿನವನು ಮೊದಲಿನಿಂದ ಆರಂಭಿಸಬೇಕಾಗದು.

ಹಣದ ಪ್ರಶ್ನೆ ಇದ್ದೇ ಇದೆ. ಐಐಟಿ, ಐಐಎಸ್ಸಿಗಳಂಥ ಸಂಸ್ಥೆಗಳಿಗೆ ಪ್ರವೇಶ ಪಡೆದು ಪ್ರಧಾನ ಮಂತ್ರಿ ಸಂಶೋಧನಾ ಶಿಷ್ಯವೇತನಕ್ಕೆ ಆಯ್ಕೆಯಾದವರಿಗೆ ತಿಂಗಳಿಗೆ 70,000 ರೂಪಾಯಿಯಿಂದ ಆರಂಭ. ಸಾಮಾನ್ಯ ಕಿರಿಯ ಸಂಶೋಧನಾ ಶಿಷ್ಯವೇತನವನ್ನು 2023ರ ಜನವರಿಯಿಂದ 37,000 ರೂಪಾಯಿಗೆ ಏರಿಸಲಾಯಿತು. ಸಂಯೋಜಿತ ಕಾಲೇಜಿನ ವಿದ್ಯಾರ್ಥಿಗೆ ಇವೆರಡೂ ದೂರದ ಮಾತು. ಮಲಪ್ರಭಾ ಮತ್ತು ಮಹದಾಯಿ ಕಣಿವೆಗಳಿಗಾಗಿಯೇ ಇಪ್ಪತ್ತು ಪೂರ್ಣಾವಧಿ ಸಂಶೋಧಕರಿಗೆ ಇದೇ 37,000ದ ದರದಲ್ಲಿ ಶಿಷ್ಯವೇತನ ಕೊಟ್ಟರೆ ವರ್ಷಕ್ಕೆ 88.80 ಲಕ್ಷ, ನಾಲ್ಕು ವರ್ಷಕ್ಕೆ ಸುಮಾರು 3.55 ಕೋಟಿ ರೂಪಾಯಿ. ಉಪಕರಣ, ವಾಹನದ ವೆಚ್ಚ ಸೇರಿಸಿ ಐದು ಕೋಟಿ ಎಂದಿಟ್ಟುಕೊಳ್ಳೋಣ. ಕಳಸಾ-ಬಂಡೂರಿ ಕಾಮಗಾರಿಗಳ ಅಂದಾಜು ಸಾವಿರ ಕೋಟಿಯ ಲೆಕ್ಕದಲ್ಲಿದೆ. ಅಂಥ ಯೋಜನೆಗಳ ವೆಚ್ಚದಲ್ಲಿ ನೂರಕ್ಕೆ ಅರ್ಧ ರೂಪಾಯಿಯನ್ನು ಅದೇ ಕಣಿವೆಯ ಸಂಶೋಧನೆಗೆ ಮೀಸಲಿಡಲು ನೀರಾವರಿ ನಿಗಮಗಳಿಗೆ ತೊಂದರೆಯಾಗಬಾರದು.

ಮಹದಾಯಿ ತೀರ್ಪಿನಲ್ಲಿ ಹೆಚ್ಚು ಚರ್ಚೆಗೆ ಬಾರದ ಒಂದು ಅಂಶವಿದೆ. 2048ರ ಆಗಸ್ಟ್ 31ರ ನಂತರ ಈ ಹಂಚಿಕೆಯನ್ನು ಮರುಪರಿಶೀಲಿಸಬಹುದೆಂದು ನ್ಯಾಯಮಂಡಳಿ ಹೇಳಿದೆ. ಆ ದಿನ ಇಳುವರಿಯ ಪ್ರಶ್ನೆ ಮತ್ತೆ ಏಳುತ್ತದೆ. ಮೂರು ರಾಜ್ಯಗಳ ತಜ್ಞರು ಮತ್ತೆ ತಮ್ಮ ತಮ್ಮ ಮಾದರಿಗಳೊಂದಿಗೆ ಬರುತ್ತಾರೆ. ಬರುವ ಮುಂಗಾರಿಗೆ ಮೊದಲು ಕಳಸಾ, ಬಂಡೂರಿ ಹಳ್ಳಗಳಲ್ಲಿಯೂ ಖಾನಾಪುರದ ಸೇತುವೆಯ ಬಳಿಯೂ ನೀರಿನ ಮಟ್ಟವನ್ನು ತಾನಾಗಿ ದಾಖಲಿಸುವ ಉಪಕರಣಗಳನ್ನು ಅಳವಡಿಸಿ, ಒಬ್ಬರ ನಂತರ ಒಬ್ಬರಂತೆ ಐದಾರು ತಲೆಮಾರಿನ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಅವುಗಳನ್ನು ಒಪ್ಪಿಸಿದರೆ, ಆ ವೇಳೆಗೆ ಎರಡು ದಶಕಗಳಿಗೂ ಮೀರಿದ ದಾಖಲೆ ಮಚ್ಛೆಯಲ್ಲಿ ಸಿದ್ಧವಿರುತ್ತದೆ. ಮಳೆಗಾಲ ಜೂನ್ ಮೊದಲ ವಾರದಲ್ಲಿ ಕಣಕುಂಬಿ ತಲುಪುತ್ತದೆ.